ಬೇಸ್ ಆತು ನೋಡ್ರಿ

ನನ್ನ ಗಿಟಾರ್ ನೋಡಿದವರು ನಮ್ಮ ಕಡೆ ಮೊದಲು ಕೇಳುವುದು ಒಂದೇ ಪ್ರಶ್ನೆ: "ಇನ್ನೆರಡು ತಂತಿ ಎಲ್ಲಿ ಹೋದ್ವೋ ಮಾರಾಯ?" ಜಡೆ ಊರಿನಲ್ಲಿ ಬಸ್ ಹತ್ತುವಾಗ ಕಂಡಕ್ಟರ್ ಕೇಳಿದ್ದಾನೆ. ಸೊರಬದ ಹೋಟೆಲಿನಲ್ಲಿ ಚಹಾ ತಂದಿಟ್ಟವನು ಕೇಳಿದ್ದಾನೆ. ನಾನು ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಸೋದರಮಾವ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ದಾರೆ. ಬೇಸ್ ಗಿಟಾರಿಗೆ ಇರುವುದೇ ನಾಲ್ಕು ತಂತಿ, ಅವು ದಪ್ಪ, ಹಾಡಿನ ಅಡಿಯಲ್ಲಿ ಗುಂ ಎಂದು ನಿಂತು ಉಳಿದವರನ್ನೆಲ್ಲ ಹೊತ್ತುಕೊಳ್ಳುವುದು ಅದರ ಕೆಲಸ ಎಂದು ವಿವರಿಸಿ ವಿವರಿಸಿ ಸಾಕಾಗಿ, ಕೊನೆಕೊನೆಗೆ "ಇಲಿ ತಿಂತು" ಅಂದುಬಿಡುತ್ತಿದ್ದೆ. ಜನ ನಂಬುತ್ತಿದ್ದರು ಕೂಡ.

ಈಗ ಹೇಳಹೊರಟಿರುವುದು ಆ ನಾಲ್ಕು ತಂತಿಯೂ ನನ್ನ ಕೈತಪ್ಪಿ ಹೋಗುವುದರಲ್ಲಿದ್ದ ಒಂದು ಮದುವೆ ಸೀಸನ್ನಿನ ವಿಷಯ. ನಾನಾಗ ಶಿಕಾರಿಪುರದ ಒಂದು ಆರ್ಕೆಸ್ಟ್ರಾ ತಂಡಕ್ಕೆ ಹೊಸದಾಗಿ ಸೇರಿದ್ದೆ. ತಂಡದ ಮಾಲೀಕರು ಮೆಕ್ಕೆಜೋಳದ ವ್ಯಾಪಾರಿ. ಊರು ಅವರನ್ನು ಸಾವ್ಕಾರ್ರು ಎನ್ನುತ್ತಿತ್ತು, ನಾವೂ ಹಾಗೇ ಕರೆಯುತ್ತಿದ್ದೆವು. ಮುಖ್ಯ ಗಾಯಕರು ಅವರೇ. ಕೀಬೋರ್ಡ್ ನುಡಿಸುತ್ತಿದ್ದವರು ಹೈಸ್ಕೂಲಿನ ಟೀಚರ್. ಡ್ರಮ್ಸ್ ಬಾರಿಸುತ್ತಿದ್ದವರು ಬಸ್‌ಸ್ಟ್ಯಾಂಡಿನ ಹತ್ತಿರ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹಿರಿಯರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಪ್ರಾಕ್ಟೀಸು ಸಾವ್ಕಾರ್ರ ಜೋಳದ ಗೋದಾಮಿನಲ್ಲಿ, ಚೀಲಗಳ ನಡುವೆ. ಮನೆಗೆ ಹೋಗಿ ಅಂಗಿ ಬಿಚ್ಚಿದರೆ ಜೇಬಿನಿಂದ ಜೋಳದ ಕಾಳು ಉದುರುತ್ತಿತ್ತು.

ಆ ತಂಡ ಈಗಿಲ್ಲ. ಗೋದಾಮಿದ್ದ ಕಡೆ ಬೈಕಿನ ಷೋರೂಮ್ ಬಂದಿದೆ. ಮದುವೆಗಳಿಗೆ ಈಗ ಡಿಜೆ ಬರುತ್ತದೆ, ಒಬ್ಬನೇ ಹುಡುಗ ಒಂದು ಲ್ಯಾಪ್‌ಟಾಪ್ ತಂದು ಊರೆಲ್ಲ ನಡುಗಿಸಿ ಹೋಗುತ್ತಾನೆ. ಶಿಕಾರಿಪುರಕ್ಕೆ ಹೋದಾಗ ಆ ರಸ್ತೆಯಲ್ಲಿ ನಾನು ಹೋಗುವುದಿಲ್ಲ. ಸುತ್ತಾದರೂ ಚಿಂತೆಯಿಲ್ಲ, ಬೇರೆ ದಾರಿ ಹಿಡಿಯುತ್ತೇನೆ. ಸುಮ್ಮನೆ ಹೊಟ್ಟೆ ಉರಿಸಿಕೊಳ್ಳುವುದು ಯಾಕೆ?

ಮೊದಲ ದಿನಗಳಲ್ಲಿ ನನಗೆ ಭಯ. ಸೊರಬದಿಂದ ಬಂದವನು, ತಂಡದಲ್ಲಿ ಯಾರ ಪರಿಚಯವೂ ಇಲ್ಲ. ತಪ್ಪಾದೀತೆಂಬ ಹೆದರಿಕೆಗೆ ಎಷ್ಟು ಬೇಕೋ ಅಷ್ಟೇ ಸ್ವರ ನುಡಿಸುತ್ತಿದ್ದೆ, ನುಡಿಸಿದ್ದನ್ನು ಗಟ್ಟಿಯಾಗಿ ನುಡಿಸುತ್ತಿದ್ದೆ. ಮೊದಲ ಪ್ರಾಕ್ಟೀಸ್ ಮುಗಿದಾಗ ಅಣ್ಣ ಕೋಲುಗಳನ್ನು ಚೀಲಕ್ಕೆ ಹಾಕುತ್ತ, ನನ್ನ ಮುಖವನ್ನೂ ನೋಡದೆ, ಗಂಟು ಮೋರೆಯಲ್ಲಿ ಹೇಳಿದರು.

"ಬೇಸ್ ಆತು ನೋಡ್ರಿ ಇವತ್ತು."

ಬೇಸ್ ಆತು ಅಂದರೆ ಬೇಸ್ ಜಾಸ್ತಿ ಆತು, ಇನ್ನೇನು? ಕೈಯಲ್ಲಿ ಬೇಸ್ ಗಿಟಾರ್ ಹಿಡಿದು ನಿಂತವನಿಗೆ ಆ ಮಾತು ಬೇರೆ ಹೇಗೆ ಕೇಳಿಸೀತು? "ಆಯ್ತಣ್ಣ, ನೋಡ್ಕೋತೀನಿ" ಅಂದೆ. ಅವರು ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ ಹೊರಟುಹೋದರು.

ಮುಂದಿನ ಸಲ ಆಂಪ್ಲಿಫೈಯರಿನ ಗುಂಡಿಯನ್ನು ಸ್ವಲ್ಪ ಕೆಳಗೆ ತಿರುಗಿಸಿದೆ. ಪ್ರಾಕ್ಟೀಸ್ ಮುಗಿಯಿತು, ಮತ್ತೆ ಅದೇ ಮಾತು: "ಇವತ್ತೂ ಬೇಸ್ ಆತು." ಅಲ್ಲ, ಇನ್ನೆಷ್ಟು ಸಣ್ಣ ಮಾಡಲಿ? ಗುಂಡಿಯನ್ನು ಮತ್ತೂ ಇಳಿಸಿದೆ. ಬೆರಳನ್ನು ತಂತಿಗೆ ತಾಗಿಸಿಯೂ ತಾಗಿಸದ ಹಾಗೆ ಮೀಟಲು ಶುರು ಮಾಡಿದೆ. ಹೀಗೆ ಇಳಿಸುತ್ತ ಇಳಿಸುತ್ತ ಒಂದು ದಿನ ಅಣ್ಣ ಏನೂ ಹೇಳದೆ ಎದ್ದುಹೋದರು. ಮರುದಿನವೂ ಮಾತಿಲ್ಲ. ಅಬ್ಬಾ, ಅಂತೂ ಒಪ್ಪಿಗೆಯಾಯಿತಲ್ಲ ಎಂದು ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಅಕ್ಕನ ಮನೆಗೆ ಒಯ್ದೆ.

ಅಕ್ಕನನ್ನು ಕೊಟ್ಟಿದ್ದು ಶಿಕಾರಿಪುರಕ್ಕೆ. ಕಾರ್ಯಕ್ರಮಗಳಿದ್ದ ತಿಂಗಳುಗಳಲ್ಲಿ ನಾನು ಅವಳ ಮನೆಯಲ್ಲೇ ಉಳಿಯುತ್ತಿದ್ದೆ. ಅಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೊ ನೋಡಿ ಬೆರಳಿನ ವೇಗ ಕಲಿತೆ. ಜೋರಾಗಿ ನುಡಿಸುವಂತಿಲ್ಲ ಅಂದಮೇಲೆ ಚುರುಕಾಗಿಯಾದರೂ ನುಡಿಸೋಣ ಎಂಬ ಲೆಕ್ಕ ನನ್ನದು. ಒಂದು ಸ್ವರ ಇರಬೇಕಾದ ಕಡೆ ನಾಲ್ಕು ತುರುಕುತ್ತಿದ್ದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಬೆರಳು ಓಡುತ್ತಿತ್ತು. ನನಗೆ ನಾನೇ ಭಾರೀ ಕಲಾವಿದ.

ಒಂದು ಸಂಜೆ ಪ್ರಾಕ್ಟೀಸಿನ ಮಧ್ಯೆ ಸಾವ್ಕಾರ್ರು ಹಾಡು ನಿಲ್ಲಿಸಿದರು. ಕೈ ಮೇಲೆತ್ತಿ ಎಲ್ಲರನ್ನೂ ಸುಮ್ಮನಿರಿಸಿ ಕೀಬೋರ್ಡಿನ ಕಡೆ ತಿರುಗಿದರು.

"ಟೀಚರ್, ನಿಮ್ ಕೀಬೋರ್ಡ್‌ನಾಗೆ ಬೇಸ್ ಬರ್ತತಲ್ರಿ?"

"ಬರ್ತದೆ ಸರ್. ಲ್ಯಾಪ್‌ಟಾಪಿಂದ ಟ್ರ್ಯಾಕ್ ಹಾಕಿದ್ರೂ ಆಗ್ತದೆ," ಅಂದರು ಟೀಚರ್. ಟ್ರ್ಯಾಕ್ ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯ. ಒತ್ತಿದರೆ ತನ್ನಷ್ಟಕ್ಕೆ ತಾನೇ ನುಡಿಯುತ್ತದೆ. ಅದಕ್ಕೆ ಊಟ ಬೇಡ, ಬಸ್ಸಿನ ಖರ್ಚೂ ಬೇಡ.

ಸಾವ್ಕಾರ್ರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ನೋಡು ತಮ್ಮ, ಬ್ಯಾಸರ ಮಾಡ್ಕೋಬ್ಯಾಡ. ನೀ ಬಂದ ಹೊಸ್ತರಾಗೆ ನಾ ಹಾಡಕ್ಕೆ ನಿಂತ್ರೆ ಕಾಲ್ ಕೆಳಗೆ ನೆಲ ಐತಿ ಅನ್ಸೋದು. ಈಗ ನೀ ಇದ್ದೀಯೋ ಇಲ್ಲೋ ನಂಗೇ ತಿಳೀವಲ್ದು. ನಿಮ್ಮೂರಿಂದೇ ರಿಸೆಪ್ಶನ್ ಐತಲ್ಲ ಸೊರಬದಾಗೆ, ಅದೊಂದು ಆಗ್ಲಿ. ಅಲ್ಲೂ ಹಿಂಗೇ ಆದ್ರೆ ಆಮೇಲಿಂದ ಟ್ರ್ಯಾಕೇ ಸಾಕು."

ಅಣ್ಣ ಡ್ರಮ್ಸಿನ ಹಿಂದೆ ಕೋಲಿನ ತುದಿ ನೋಡುತ್ತ ಕೂತಿದ್ದರು. ಇವರ ಮಾತು ಕೇಳಿ ಸಣ್ಣ ಮಾಡಿ ಮಾಡಿ ನಾನು ಈ ಗತಿಗೆ ಬಂದೆ, ಈಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ ನೋಡು ಎಂದು ಮೈ ಉರಿದುಹೋಯಿತು. ಗಿಟಾರನ್ನು ಚೀಲಕ್ಕೆ ತುರುಕಿ, ಯಾರಿಗೂ ಹೇಳದೆ ಹೊರಬಿದ್ದೆ.

ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಕೂತು ಎಲ್ಲ ಹೇಳಿಕೊಂಡೆ. "ಬಂದಾಗಿಂದ ಆ ಮನುಷ್ಯಂದು ಒಂದೇ ರಗಳೆ. ದಿನಾ ಬೇಸ್ ಆತು, ಬೇಸ್ ಆತು. ಎಷ್ಟು ಕಡಿಮೆ ಮಾಡಿದ್ರೂ ಬೇಸ್ ಆತು!"

ಅಕ್ಕನ ಕೈ ನಿಂತಿತು. "ಏನಂತಾರೆ? ಇನ್ನೊಂದ್ ಸಲ ಹೇಳು."

"ಬೇಸ್ ಆತು ಅಂತಾರೆ."

ಅವಳು ಒಲೆಯ ಮುಂದೆ ಹಾಗೇ ಕುಸಿದು ಕೂತಳು. ಮೊದಲು ನನಗೆ ಗಾಬರಿಯಾಯಿತು. ಆಮೇಲೆ ನೋಡಿದರೆ ಹಿಟ್ಟು ಮೆತ್ತಿದ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಕಣ್ಣಲ್ಲಿ ನೀರು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿದೆ.

"ಅಯ್ಯೋ ನನ್ ತಮ್ಮನೇ, ಬೇಸ್ ಅಂದ್ರೆ ಈ ಕಡೆ ಚಲೋ ಅಂತ ಕಣೋ! ಚಲೋ ಆತು, ಪಸಂದಾತು ಅಂತ! ನಿನ್ನ ಹೊಗಳ್ಯಾರೆ ಅವ್ರು!"

ಸೀಯುತ್ತಿದ್ದ ರೊಟ್ಟಿಯನ್ನು ನಾನೇ ಹೆಂಚಿನಿಂದ ತೆಗೆದೆ.

"ನಾ ಮದುವೆಯಾಗಿ ಬಂದ ಹೊಸ್ತರಲ್ಲಿ ನಮ್ಮತ್ತೆ 'ಸಾರು ಬೇಸ್ ಐತಿ' ಅಂದ್ರು. ನಾನು, ಬೇಳೆ ಇನ್ನೂ ಬೇಯ್ಸು ಅಂತಿದಾರೆ ಅನ್ಕೊಂಡು ಮತ್ತೆ ಒಲೆ ಮೇಲಿಟ್ಟೆ. ತಳ ಹತ್ತಿ ಹೋತು. ಆಮೇಲೆ ಅವ್ರೇ ನಕ್ಕೊಂಡು ಹೇಳಿದ್ರು. ಇಷ್ಟು ದಿನ ನೀ ಇದನ್ನ ನನ್ನತ್ರ ಒಂದ್ಸಲ ಹೇಳ್ಬಾರ್ದಿತ್ತೇನೋ?"

ಅಂದರೆ ನಾನು ಚೆನ್ನಾಗಿ ನುಡಿಸಿದ ದಿನವೆಲ್ಲ ಅವರು ಶಹಬ್ಬಾಸ್ ಅಂದಿದ್ದಾರೆ. ನಾನು ಪ್ರತಿ ಶಹಬ್ಬಾಸಿಗೂ ಒಂದು ಸುತ್ತು ಕಡಿಮೆ ಮಾಡಿದ್ದೇನೆ. ಅವರು ಬಾಯಿ ಮುಚ್ಚಿದಾಗ ಗೆದ್ದೆ ಎಂದು ಮಂಡಕ್ಕಿ ತಿಂದಿದ್ದೇನೆ! ನಗು ಬರಲಿಲ್ಲ. ಆ ರಾತ್ರಿ ಸೀದ ರೊಟ್ಟಿ ನನ್ನ ಪಾಲಿಗೆ ಬಂತು, ಕರಿ ಕೆರೆದು ತಿಂದೆ.

ಬೆಳಿಗ್ಗೆ ಅಣ್ಣನ ಅಂಗಡಿಗೆ ಹೋದೆ. ಒಂದು ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ಎಲ್ಲ ಹೇಳಿದೆ. ಅಕ್ಕನ ಹಾಗೆ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ, ಸ್ಕ್ರೂಡ್ರೈವರ್ ಕೆಳಗಿಟ್ಟರು.

"ನಾ ಬೇಸ್ ಅಂದಂಗೆಲ್ಲ ನೀ ಸಣ್ಣಕ್ ಬಾರ್ಸಾಕ್ ಹತ್ತಿದ್ಯಲ್ಲ, ನಾ ಏನ್ ತಿಳ್ಕಂಡೆ ಗೊತ್ತೇನು? ಈ ಹುಡುಗನಿಗೆ ಹೊಗಳಿದ್ರೆ ಸೊಕ್ಕು ಬರ್ತತಿ, ಬೇಕಂತಾನೇ ಕೆಡಸ್ತಾನೆ ಅಂತ. ಅದ್ಕೇ ಸುಮ್ನಾದೆ."

ಅವರು ಮಿಕ್ಸಿ ಪಕ್ಕಕ್ಕೆ ಸರಿಸಿ, "ಚಾ ಕುಡಿಯಾಣ ಬಾ" ಅಂದರು. ಅವರ ಮಾತಿನಲ್ಲಿ ನನಗೆ 'ರೀ' ಹೋಗಿ 'ನೀನು' ಬಂದಿದ್ದು ಅವತ್ತಿನಿಂದ.

ಮಾತು ಅರ್ಥವಾದ ಮಾತ್ರಕ್ಕೆ ಕೈ ಸರಿಯಾಗುತ್ತದೆಯೇ? ಗುಂಡಿ ಮೇಲೇರಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಏರಿಸಿ ನೋಡಿದೆ. ನನ್ನ ಕಳ್ಳ ಹೆಜ್ಜೆಯ ಸ್ವರಗಳೇ ದೊಡ್ಡದಾಗಿ ಕೇಳಿಸಿದವು, ಅಷ್ಟೇ. ಸವರಿ ಸವರಿ ಅಭ್ಯಾಸವಾದ ಬೆರಳಿಗೆ ತಂತಿ ಎಳೆಯುವ ಕಸುವೇ ಹೋಗಿತ್ತು. ಕೈಯನ್ನು ಬುಡದಿಂದ ತಿದ್ದಬೇಕಾಗಿತ್ತು, ರಿಸೆಪ್ಶನ್ ಹತ್ತಿರ ಬರುತ್ತಿತ್ತು.

ಆಂಪ್ಲಿಫೈಯರ್ ಗೋದಾಮಿನಲ್ಲಿ. ಕರೆಂಟಿಗೆ ಜೋಡಿಸದ ಬೇಸ್ ಗಿಟಾರ್ ಮನೆಯಲ್ಲಿ ನುಡಿಸಿದರೆ ಹಲ್ಲಿ ಲೊಚಗುಟ್ಟಿದಷ್ಟೂ ಸದ್ದಾಗುವುದಿಲ್ಲ. ಆದರೆ ಒಂದು ಉಪಾಯವಿದೆ. ಗಿಟಾರಿನ ತಲೆಯನ್ನು ಮರದ ವಸ್ತುವಿಗೆ ಒತ್ತಿ ಹಿಡಿದರೆ ಆ ಮರವೇ ದನಿ ಕೊಡುತ್ತದೆ. ಅಕ್ಕನ ಮನೆಯಲ್ಲಿ ಸಾಗವಾನಿಯ ಹಳೇ ಕಪಾಟೊಂದಿತ್ತು, ಒಳಗೆ ಸ್ಟೀಲ್ ಪಾತ್ರೆಗಳು. ಕುರ್ಚಿ ಎಳೆದುಕೊಂಡು, ಗಿಟಾರಿನ ತಲೆಯನ್ನು ಅದರ ಬಾಗಿಲಿಗೆ ತಾಗಿಸಿ ಕೂತೆ. ದಪ್ಪ ತಂತಿ ಮೀಟಿದೆ. ಕಪಾಟು ಹೂಂ ಎಂದಿತು, ಒಳಗೆ ಲೋಟಗಳು ಝಣ್ ಎಂದವು.

ಬಲಗೈಯ ತೋರುಬೆರಳು, ನಡುಬೆರಳು ಎರಡರಲ್ಲಿ ಒಂದಾದ ಮೇಲೊಂದು ಮೀಟುವುದು ಬೇಸಿನ ಮೊದಲ ಪಾಠ. ಮೊಬೈಲಿನಲ್ಲಿ ಟಿಕ್ ಟಿಕ್ ಎಂದು ತಾಳ ಹಿಡಿಯುವ ಆ್ಯಪ್ ಇತ್ತು. ಅದನ್ನು ತೀರಾ ನಿಧಾನಕ್ಕೆ ಇಟ್ಟು, ಒಂದು ಟಿಕ್ಕಿಗೆ ಒಂದೇ ಸ್ವರ ಮೀಟುತ್ತ ಹೋದೆ. ಆಗ ಒಂದು ವಿಚಿತ್ರ ಕಾಣಿಸಿತು. ತೋರುಬೆರಳು ಮೀಟಿದಾಗ ಲೋಟ ಝಣ್ ಎನ್ನುತ್ತಿತ್ತು, ನಡುಬೆರಳಿಗೆ ಎನ್ನುತ್ತಿರಲಿಲ್ಲ. ಝಣ್, ಮೌನ, ಝಣ್, ಮೌನ. ಎರಡೂ ಬೆರಳು ಸಮ ಎಂದು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ! ಉದ್ದದ ಬೆರಳು ಸೋಮಾರಿಯಾಗಿ ತಂತಿಯ ಮೇಲೆ ಜಾರಿ ಹೋಗುತ್ತಿತ್ತು, ಗಿಡ್ಡ ಬೆರಳು ಎಳೆಯುತ್ತಿತ್ತು. ವೇಗವಾಗಿ ನುಡಿಸುವಾಗ ಆ ಮೋಸ ಯಾರಿಗೂ ಕೇಳಿಸುವುದಿಲ್ಲ, ನಿಧಾನಕ್ಕೆ ಬಂದರೆ ಅಡಗಲು ಜಾಗವಿಲ್ಲ.

ಎರಡು ಬೆರಳಿಗೂ ಲೋಟ ಒಂದೇ ಹಾಗೆ ಝಣ್ ಎನ್ನುವವರೆಗೆ ಬೇರೇನೂ ನುಡಿಸುವುದಿಲ್ಲ ಎಂದು ಪಟ್ಟು ಹಿಡಿದೆ. ಬೆಳಿಗ್ಗೆ ಅದೇ, ಸಂಜೆ ಅದೇ, ಒಂದೇ ತಂತಿ. ನಡುಬೆರಳಿನ ತುದಿ ಮೊದಲು ಕೆಂಪಗಾಯಿತು, ಆಮೇಲೆ ಬೊಬ್ಬೆ ಬಂತು. ಅಕ್ಕ ಕೊಬ್ಬರಿ ಎಣ್ಣೆ ತಂದಳು. ಎಣ್ಣೆ ತಾಗಿದರೆ ತಂತಿ ಕೆಡುತ್ತದೆ ಅಂದೆ.

"ನಿನ್ ಬೆರಳಿಗಿಂತ ತಂತಿ ಹೆಚ್ಚೇನೋ?"

"ಬೆರಳಿಗೆ ಬೇರೆ ತೊಗಲು ಬರ್ತದೆ ಮಾರಾಯ್ತಿ, ತಂತಿಗೆ ಶಿವಮೊಗ್ಗಕ್ಕೆ ಹೋಗ್ಬೇಕು."

"ಹಂಗಾದ್ರೆ ನನ್ ಲೋಟ ಆದ್ರೂ ಬಿಡು. ಅವಕ್ಕೆ ತಲೆನೋವು ಬಂದೈತೆ."

ಎಡಗೈಯ ಕಥೆಯೇ ಬೇರೆ. ಗಿಟಾರಿನ ಕುತ್ತಿಗೆಯ ಮೇಲೆ ಲೋಹದ ಅಡ್ಡ ಪಟ್ಟಿಗಳಿರುತ್ತವೆ, ಫ್ರೆಟ್ ಎನ್ನುತ್ತೇವೆ. ನಾಲ್ಕು ಬೆರಳನ್ನು ಸಾಲಾಗಿ ನಾಲ್ಕು ಫ್ರೆಟ್ಟಿಗೆ ಇಟ್ಟು, ಒಂದೊಂದನ್ನೇ ಒತ್ತುತ್ತ ದಪ್ಪ ತಂತಿಯಿಂದ ಸಣ್ಣ ತಂತಿಗೆ ಹೋಗಿ ಮತ್ತೆ ವಾಪಸು ಬರುವ ಒಂದು ವ್ಯಾಯಾಮವಿದೆ. ಒತ್ತಿದ ಬೆರಳನ್ನು ಮುಂದಿನದು ಇಳಿಯುವವರೆಗೆ ಎತ್ತಬಾರದು. ಬೇಸಿನಲ್ಲಿ ಫ್ರೆಟ್ಟುಗಳ ನಡುವೆ ಅಂತರ ಹೆಚ್ಚು. ಕಿರುಬೆರಳು ಅಲ್ಲಿಗೆ ಎಟುಕುವ ಹೊತ್ತಿಗೆ ಉಂಗುರದ ಬೆರಳು ತಾನೂ ಎದ್ದು ಅದರ ಹಿಂದೆಯೇ ಹೊರಡುತ್ತಿತ್ತು. ಜಾತ್ರೆಯಲ್ಲಿ ಅವ್ವನ ಸೆರಗು ಬಿಡದ ಕೂಸಿನ ಹಾಗೆ. ಅದನ್ನು ಬೈದು, ಹಿಡಿದು ಕೂರಿಸಿ, ಮತ್ತೆ ಮೊದಲಿಂದ.

ಹೀಗೆ ಹಟ ಹಿಡಿದು ಮಾಡಿದ್ದಕ್ಕೆ ಮಣಿಕಟ್ಟು ಊದಿತು. ಲೋಟ ಎತ್ತಲಿಕ್ಕೂ ಬಾರದಾಯಿತು. ರಿಸೆಪ್ಶನ್ ಮುಂದಿದೆ, ಕೈ ಹೀಗಾಗಿದೆ. ನಿಜವಾಗಿಯೂ ಕಂಗಾಲಾದದ್ದು ಆಗ. ಅಕ್ಕ ಬಿಸಿ ಉಪ್ಪಿನ ಶಾಖ ಕೊಟ್ಟಳು, ಗಿಟಾರ್ ಮುಟ್ಟಿದರೆ ನೋಡು ಎಂದು ಗದರಿದಳು. ಸುಮ್ಮನೆ ಕೂತು ಯೋಚಿಸಲು ಸಮಯ ಸಿಕ್ಕಿದ್ದೇ ಒಳ್ಳೆಯದಾಯಿತು. ನೋವೆಲ್ಲ ಹೆಬ್ಬೆರಳಿನ ಬುಡದಲ್ಲಿತ್ತು. ಅಂದರೆ ನಾನು ಗಿಟಾರಿನ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಹಿಂಡುತ್ತಿದ್ದೆ. ನೋವು ಇಳಿದ ಮೇಲೆ, ಹೆಬ್ಬೆರಳನ್ನು ಪೂರ್ತಿ ತೆಗೆದು, ತೋಳಿನ ಭಾರದಿಂದಲೇ ತಂತಿ ಒತ್ತಿ ನೋಡಿದೆ. ಸ್ವರ ಬಂತು! ಆಮೇಲೆ ಒತ್ತುವುದನ್ನೂ ಕಡಿಮೆ ಮಾಡುತ್ತ ಹೋದೆ, ಸ್ವರ ಇನ್ನೇನು ಕರ್ ಎನ್ನುತ್ತದೆ ಅನ್ನುವವರೆಗೆ. ಅಷ್ಟು ಸ್ವಲ್ಪ ಬಲ ಸಾಕಾಗಿತ್ತು. ಭಯಕ್ಕೆ ನಾನು ಎಲ್ಲ ತಿರುಗುಮುರುಗು ಮಾಡಿಕೊಂಡಿದ್ದೆ. ಗಟ್ಟಿ ಇರಬೇಕಾದ ಬಲಗೈ ಮೆತ್ತಗೆ, ಮೆತ್ತಗಿರಬೇಕಾದ ಎಡಗೈ ಬಿಗಿ.

ಅಷ್ಟರಲ್ಲಿ ಜೋಳಕ್ಕೆ ದರ ಬಂದು ಸಾವ್ಕಾರ್ರು ಚೀಲಗಳನ್ನೆಲ್ಲ ಲಾರಿಗೆ ಹಾಕಿಸಿದರು. ಅಂದು ಸಂಜೆ ಗೋದಾಮಿಗೆ ಹೋಗಿ ಮೊದಲ ಸ್ವರ ಮೀಟಿದವನೇ ಬೆಚ್ಚಿಬಿದ್ದೆ. ಚೀಲಗಳಿದ್ದಾಗ ಅವು ಸದ್ದನ್ನು ಕುಡಿದುಬಿಡುತ್ತಿದ್ದವು. ಈಗ ಬರೀ ಗೋಡೆ, ಮೇಲೆ ತಗಡು. ಒಂದು ಸ್ವರ ಹೋಗಿ ಗೋಡೆಗೆ ಬಡಿದು ವಾಪಸು ಬರುವ ಹೊತ್ತಿಗೆ ಇನ್ನೊಂದು ಹೊರಟಿರುತ್ತಿತ್ತು. ಎಲ್ಲ ಸೇರಿ ಗಂಜಿಯಾಯಿತು. ಹೊಸ ಕಸುವು ಬಂದ ನನ್ನ ಬೆರಳು ಎಷ್ಟು ಗಟ್ಟಿಯಾಗಿ ಮೀಟಿತೋ ಅಷ್ಟೂ ಗಲೀಜು. ಸಾವ್ಕಾರ್ರು ಕಿವಿಗೆ ಕೈಯಿಟ್ಟುಕೊಂಡು ಟೀಚರ್ ಮುಖ ನೋಡಿದರು. ಸೊರಬದ ಕಲ್ಯಾಣ ಮಂಟಪವೂ ಇಂಥದ್ದೇ ಖಾಲಿ ಡಬ್ಬಿ ಎಂದು ನನಗೆ ಗೊತ್ತಿತ್ತು.

ಉಳಿದವರು ಹೋದ ಮೇಲೆ ಅಣ್ಣ ನನ್ನನ್ನು ನಿಲ್ಲಿಸಿಕೊಂಡರು. "ನೀ ಬಾರ್ಸೋದು ಕಲ್ತಿ. ನಿಲ್ಸೋದು ಕಲ್ತಿಲ್ಲ. ಸ್ವರ ಬಿಟ್ಟು ಹಂಗೇ ಊರ್ ಮೇಲೆ ಕಳಿಸ್ತೀಯಲ್ಲ. ನನ್ ಕಾಲಿಗೆ ಶುರು ಮಾಡು, ಕೈಗೆ ನಿಲ್ಸು."

ಕಾಲು ಅಂದರೆ ಪೆಡಲ್ ಒತ್ತಿ ಬಡಿಯುವ ದೊಡ್ಡ ಡ್ರಮ್ಮು, ಧಂ ಎನ್ನುವುದು. ಕೈ ಅಂದರೆ ಎದುರಿಗಿನ ಸ್ನೇರ್, ಟಪ್ ಎಂದು ಒಡೆಯುವುದು. ಧಂ ಎಂದಾಗ ನಾನು ಸ್ವರ ಮೀಟಬೇಕು, ಟಪ್ ಎನ್ನುವ ಗಳಿಗೆಗೆ ಸರಿಯಾಗಿ ಎಡಗೈ ಬೆರಳನ್ನು ಸಡಿಲಿಸಿ ತಂತಿಯನ್ನು ಬಲ ಅಂಗೈಯಿಂದ ಮುಚ್ಚಬೇಕು. ಸ್ವರ ಅಲ್ಲೇ ಸಾಯಬೇಕು. ಹೇಳಲಿಕ್ಕೆ ಎರಡು ಮಾತು. ಮಾಡಲಿಕ್ಕೆ ಕೂತರೆ, ಒಂದೋ ಮೊದಲೇ ಮುಚ್ಚುತ್ತಿದ್ದೆ, ಇಲ್ಲವೇ ಬಾಲ ಉಳಿಯುತ್ತಿತ್ತು. ಸ್ವರ ಶುರುವಾಗುವುದನ್ನು ಕೇಳುವ ಕಿವಿ ನನಗಿತ್ತು, ಮುಗಿಯುವುದನ್ನು ಕೇಳುವ ಕಿವಿ ಇರಲಿಲ್ಲ. ನಾನು ತುರುಕುತ್ತಿದ್ದ ನಾಲ್ಕು ಸ್ವರಗಳನ್ನೆಲ್ಲ ಕಿತ್ತುಹಾಕಿದೆ. ಪ್ರತಿ ಸಾಲಿಗೂ ಅದರ ಮೂಲ ಸ್ವರ ಒಂದೇ. ಧಂ ಎಂದಾಗ ಹುಟ್ಟಬೇಕು, ಟಪ್ ಎಂದಾಗ ಸಾಯಬೇಕು.

ಜಗಳವೂ ಆಯಿತು. ಮೊಬೈಲಿನ ಟಿಕ್ ಟಿಕ್ ಇಟ್ಟುಕೊಂಡು ನುಡಿಸೋಣ ಅಂದೆ. ಚರಣ ಬರುವಷ್ಟರಲ್ಲಿ ಅಣ್ಣ ಟಿಕ್ಕಿಗಿಂತ ಮುಂದೆ ಓಡಿದ್ದರು. ನಾನು ನಿಲ್ಲಿಸಿ, "ಅಣ್ಣ, ನೀವು ಓಡ್ತಿದೀರಿ" ಅಂದೆ.

"ನಾ ಓಡ್ತೀನೋ? ನಿನ್ ಮೊಬೈಲ್ ಕುಂಟ್ತತಿ!"

"ಮೊಬೈಲ್ ಕುಂಟ್ತದಾ? ಅದು ಮಿಷಿನ್ನು ಅಣ್ಣ!"

"ನಾ ದಿನಾ ಬಿಚ್ಚಿ ಹಾಕೋದು ಅಂಥವೇ ಮಿಷಿನ್ನಪ!" ಎಂದು ಕೋಲು ಬಿಸಾಡಿ ಎದ್ದುಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಖಾಲಿ ಗೋದಾಮಿನಲ್ಲಿ ಒಬ್ಬನೇ ಕೂತು, ಇಲ್ಲದ ಸ್ನೇರಿಗೆ ಸ್ವರ ನಿಲ್ಲಿಸುತ್ತಿದ್ದೆ. ಮೂರನೇ ಸಂಜೆ ಬಾಗಿಲಲ್ಲಿ ನೆರಳು ಬಿತ್ತು. ಬಂದು ಕೂತು, ಕೋಲು ಹುಡುಕಿ ಎತ್ತಿಕೊಂಡು, "ಹಾಕು ನಿನ್ ಕುಂಟನ್ನ" ಅಂದರು. ಅಂದಿನಿಂದ ನಾನು ನಿಲ್ಲಿಸುವುದನ್ನು ಕಲಿತೆ, ಅವರು ಓಡದಿರುವುದನ್ನು ಕಲಿತರು. ಹೊರಗೆ ಕತ್ತಲಾಗುವವರೆಗೆ ನಾವಿಬ್ಬರೇ ಒಂದೇ ತಾಳವನ್ನು ಬಡಿಯುತ್ತ ಕೂತಿರುತ್ತಿದ್ದೆವು. ನನ್ನ ಸಂಗೀತದ ಬದುಕಿನಲ್ಲಿ ಅಷ್ಟು ಸುಖ ಮತ್ತೆ ಸಿಗಲಿಲ್ಲ, ಅದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ.

ರಿಸೆಪ್ಶನ್ ದಿನ ಮಧ್ಯಾಹ್ನ ವ್ಯಾನಿನಲ್ಲಿ ಸೊರಬಕ್ಕೆ ಹೊರಟೆವು. ಯಾವಾಗಲೂ ಬಸ್ಸಿನಲ್ಲಿ ಹೋಗುವ ದಾರಿ. ಅವತ್ತು ಕಿಟಕಿಯ ಹೊರಗೆ ನೋಡಲು ಮನಸ್ಸಾಗಲಿಲ್ಲ. ಮಂಟಪದಲ್ಲಿ ವೈರು ಜೋಡಿಸುವಾಗ ಸಾವ್ಕಾರ್ರು ಬಂದು, "ಟ್ರ್ಯಾಕೂ ಓಡ್ಲಿ, ನೀನೂ ಬಾರ್ಸು. ಜನರ ಮುಂದೆ ಮರ್ಯಾದಿ ಹೋಗ್ಬಾರ್ದು ನೋಡು" ಅಂದರು. ನನ್ನ ಗುಂಡಿಯನ್ನು ತಾವೇ ಅರ್ಧಕ್ಕೆ ಇಳಿಸಿದರು. ಟ್ರ್ಯಾಕಿನ ತಾಳ ತಪ್ಪದಿರಲೆಂದು ಅಣ್ಣನ ಕಿವಿಗೆ ಹೆಡ್‌ಫೋನ್ ಹಾಕಿಸಿದರು. ಅದರಲ್ಲಿ ಲ್ಯಾಪ್‌ಟಾಪಿನ ಟಿಕ್ ಟಿಕ್ ಕೇಳುತ್ತಿತ್ತು. ಅಂದರೆ ಅಣ್ಣನೂ ನನ್ನ ಜೊತೆ ಇಲ್ಲ, ಟ್ರ್ಯಾಕಿನ ಜೊತೆ. ಅಳು ಬಂದುಬಿಟ್ಟಿತು. ತಲೆ ತಗ್ಗಿಸಿ ಶ್ರುತಿ ಮಾಡುತ್ತಿರುವ ಹಾಗೆ ನಟಿಸಿದೆ.

ಸಂಜೆ ಮಂಟಪ ತುಂಬಿತು. ಕೆಳಗೆ ಸಾಲುಗಟ್ಟಿ ಕೂತವರಲ್ಲಿ ಅರ್ಧ ಮಂದಿ ನನ್ನನ್ನು ಚಡ್ಡಿಯಲ್ಲಿ ನೋಡಿದವರು. ಹಾಡಿನ ಮೇಲೆ ಹಾಡು ಹೋಯಿತು. ಟ್ರ್ಯಾಕಿನ ಬೇಸು, ಅದರ ಅಡಿಯಲ್ಲಿ ನನ್ನದು. ಯಾರದು ಯಾವುದೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಆಮೇಲೆ ಕುಣಿತದ ಒಂದು ಹಾಡು ಬಂತು. ಚರಣ ಮುಗಿದು ಪಲ್ಲವಿ ಹಾಡುವ ಹೊತ್ತಿಗೆ ಮದುಮಗಳ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ವೇದಿಕೆಯ ಮುಂದೆ ಕುಣಿಯಲು ಬಂದರು. ಜನ ಹೋ ಎಂದರು. ಅವರು ಸಾವ್ಕಾರ್ರ ಕಡೆ ಬೆರಳು ತಿರುಗಿಸಿ ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಸನ್ನೆ ಮಾಡಿದರು. ಸಾವ್ಕಾರ್ರಿಗೆ ಉಮೇದು ಬಂದು, ಮಧ್ಯದ ಸಂಗೀತ ಬರಬೇಕಾದ ಜಾಗದಲ್ಲಿ ಮತ್ತೆ ಪಲ್ಲವಿ ಎತ್ತಿಕೊಂಡುಬಿಟ್ಟರು. ಟ್ರ್ಯಾಕಿಗೆ ದೊಡ್ಡಪ್ಪ ಯಾರು, ಉಮೇದು ಏನು ಗೊತ್ತು? ಅದು ತನ್ನ ಪಾಡಿಗೆ ಮಧ್ಯದ ಸಂಗೀತಕ್ಕೆ ಹೊರಟಿತು. ಹಾಡು ಒಂದು ಸ್ವರದಲ್ಲಿ, ಬೇಸು ಇನ್ನೊಂದರಲ್ಲಿ. ಸಾವ್ಕಾರ್ರ ಗಂಟಲು ಆಧಾರ ಸಿಗದೆ ತಡಕಾಡಿತು. ಟೀಚರ್ ಮುಖ ಬಿಳಿಚಿಕೊಂಡಿತು.

ಯಾರ ಜೊತೆ ಹೋಗಲಿ? ಟ್ರ್ಯಾಕಿನ ಜೊತೆ ಹೋದರೆ ನನ್ನ ತಪ್ಪಿಲ್ಲ, ಹಾಡಿದವರು ತಪ್ಪಿದರು ಎನ್ನಬಹುದಿತ್ತು. ಗುಂಡಿಯನ್ನು ಪೂರ್ತಿ ಮೇಲೇರಿಸಿದೆ. ಪಲ್ಲವಿಯ ಮೂಲ ಸ್ವರವನ್ನು ಮೀಟಿ ಸಾವ್ಕಾರ್ರ ದನಿಯ ಕೆಳಗೆ ಇಟ್ಟೆ. ಟಪ್ ಬರಬೇಕಾದ ಜಾಗದಲ್ಲಿ ನಿಲ್ಲಿಸಿದೆ. ಮತ್ತೆ ಮೀಟಿದೆ, ನಿಲ್ಲಿಸಿದೆ. ಬೇರೇನೂ ಇಲ್ಲ, ಒಂದೇ ಸ್ವರ. ಅಣ್ಣ ತಲೆಯೆತ್ತಿ ನನ್ನ ಕೈ ನೋಡಿದರು. ಹೆಡ್‌ಫೋನನ್ನು ಕಿತ್ತು ಕೊರಳಿಗೆ ಇಳಿಬಿಟ್ಟರು. ಮುಂದಿನ ಧಂ ನನ್ನ ಸ್ವರದ ಮೇಲೇ ಬಿತ್ತು. ಟೀಚರ್ ಲ್ಯಾಪ್‌ಟಾಪಿನ ಸದ್ದನ್ನು ಎಳೆದು ಕೆಳಗಿಳಿಸಿ, ಎರಡೂ ಕೈಯಲ್ಲಿ ನಮ್ಮ ಹಿಂದೆ ಬಂದರು. ಸಾವ್ಕಾರ್ರ ದನಿ ಮತ್ತೆ ತುಂಬಿಕೊಂಡಿತು. ದೊಡ್ಡಪ್ಪನಿಗೆ ಏನೂ ಗೊತ್ತಾಗಲಿಲ್ಲ, ಬೆವರಿ ಸುಸ್ತಾಗುವವರೆಗೆ ಕುಣಿದರು. ಆ ಪಲ್ಲವಿಯನ್ನು ನಾವು ಎಷ್ಟು ಸಲ ತಿರುಗಿಸಿದೆವೋ ಲೆಕ್ಕವಿಟ್ಟವರಿಲ್ಲ. ಉಳಿದ ಹಾಡುಗಳಿಗೆ ಟೀಚರ್ ಮತ್ತೆ ಟ್ರ್ಯಾಕ್ ಹಾಕಲಿಲ್ಲ, ಹಾಕಿ ಎಂದು ಯಾರೂ ಹೇಳಲೂ ಇಲ್ಲ.

ಊಟ ಮುಗಿಸಿ ಸಾಮಾನು ವ್ಯಾನಿಗೆ ಏರಿಸುವಾಗ ಸಾವ್ಕಾರ್ರು ಎಲೆ ಅಡಿಕೆ ಮೆಲ್ಲುತ್ತ ನಿಂತಿದ್ದರು. ನನ್ನ ಊರಾದ್ದರಿಂದ ನಾನು ಅಲ್ಲೇ ಉಳಿಯುವವನಿದ್ದೆ. ಗಿಟಾರ್ ಹೆಗಲಿಗೇರಿಸಿ, ಏನಾದರೂ ಹೇಳುತ್ತಾರೇನೋ ಎಂದು ಸುಮ್ಮನೆ ಸುಳಿದಾಡಿದೆ. ಅವರು ಟೀಚರ್ ಕಡೆ ತಿರುಗಿ, "ಆ ಬೇಸಿನ ಟ್ರ್ಯಾಕ್ ಅಷ್ಟೂ ಲ್ಯಾಪ್‌ಟಾಪಿಂದ ಅಳಿಸಾಕ್ರಿ ಟೀಚರ್, ಸುಮ್ನೆ ಜಾಗ ತಿಂತತಿ" ಅಂದರು. ಹೊಗಳಿಕೆ ಇಲ್ಲ, ಬೆನ್ನು ತಟ್ಟಲಿಲ್ಲ. ವ್ಯಾನ್ ಹತ್ತಿ ಕೂತು, ಇಂಜಿನ್ ಶುರುವಾದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಗದರಿದರು.

"ಸೋಮವಾರ ಆನವಟ್ಟಿ ಪ್ರೋಗ್ರಾಮ್ ಐತಿ. ನಾಕಕ್ಕೆ ಗಾಡಿ ಗೋದಾಮ್ ಬಿಡ್ತತಿ. ತಡ ಮಾಡಿದ್ರೆ ಬಿಟ್ಟು ಹೋಗ್ತೀನಿ ನೋಡು ಮತ್ತೆ!"

ವ್ಯಾನ್ ಹೋಯಿತು. ನಾನು ಮಂಟಪದ ಮುಂದೆ ನಿಂತೇ ಇದ್ದೆ. ಬಿಟ್ಟು ಹೋಗುತ್ತೇನೆ ಎಂದು ಹೆದರಿಸಬೇಕಾದರೆ ಮೊದಲು ಕರೆದುಕೊಂಡು ಹೋಗುವ ಮನಸ್ಸಿರಬೇಕಲ್ಲ. ಆನವಟ್ಟಿ ನಮ್ಮ ಸೊರಬದ ಮಗ್ಗುಲಲ್ಲೇ ಇದೆ, ಇಲ್ಲಿಂದ ಬಸ್ ಹತ್ತಿದ್ದರೆ ನೆಟ್ಟಗೆ ಅಲ್ಲಿಗೇ ಹೋಗಿ ಇಳಿಯಬಹುದಿತ್ತು. ಆದರೂ ಸೋಮವಾರ ನಾನು ಶಿಕಾರಿಪುರದ ಬಸ್ ಹತ್ತಿದೆ. ನಾಲ್ಕಕ್ಕೆ ಹೊರಡುವ ಗಾಡಿಗೆ ಮಧ್ಯಾಹ್ನ ಊಟದ ಹೊತ್ತಿಗೇ ಹೋಗಿ, ಗೋದಾಮಿನ ಬಾಗಿಲ ಮುಂದೆ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.